ನಾಟಕ, ಪದ, ಮುಖಪುಟ: ಬೆಳಗಾವಿಯ ಒಂದು ಕೃತಿಸ್ವಾಮ್ಯ ನೋಂದಣಿ ಸೇವೆ

ಬೆಳಗಾವಿಯ ಚನ್ನಮ್ಮ ವೃತ್ತದಿಂದ ನಡೆದೇ ತಲುಪಬಹುದಾದಷ್ಟು ದೂರದಲ್ಲಿ, ಬಾಂಡ್ ಪೇಪರು, ನೋಟರಿ, ಟೈಪಿಂಗ್, ಝೆರಾಕ್ಸ್ ಎಂಬ ಫಲಕಗಳ ಸಾಲಿನ ನಡುವೆ, ಕೃತಿಸ್ವಾಮ್ಯ (ಕಾಪಿರೈಟ್) ಹಾಗೂ ಟ್ರೇಡ್‌ಮಾರ್ಕ್ ನೋಂದಣಿ ಮಾಡಿಸಿಕೊಡುವ ಒಂದು ಸಣ್ಣ ಕಚೇರಿ ಇದೆ. ಅಲ್ಲಿರುವವರು ಒಬ್ಬ ಮಹಿಳಾ ವಕೀಲರು ಮತ್ತು ಒಬ್ಬ ಟೈಪಿಸ್ಟ್ ಇಬ್ಬರೇ. ನನ್ನ ಒಂದು ನಾಟಕ, ಪದಗಳ ಅಂದರೆ ಹಾಡುಗಳ ಒಂದು ಸಂಕಲನ ಮತ್ತು ಅದರ ಮುಖಪುಟದ ಚಿತ್ರ, ಈ ಮೂರರ ನೋಂದಣಿಯನ್ನು ನಾನು ಅವರಿಂದಲೇ ಮಾಡಿಸಿದ್ದೇನೆ. ಕಚೇರಿಯ ಹೆಸರನ್ನು ಬರೆಯುತ್ತಿಲ್ಲ. ಈ ಬರಹ ಅವರ ಜಾಹೀರಾತಾಗುವುದಕ್ಕಿಂತ, ನಮ್ಮ ಭಾಗದ ಬರಹಗಾರರು ಇಂಥ ಯಾವ ಕಚೇರಿಗೆ ಹೋದರೂ ಏನನ್ನು ನಿರೀಕ್ಷಿಸಬೇಕು, ಏನನ್ನು ಕೇಳಿ ಪಡೆಯಬೇಕು ಎಂಬುದು ತಿಳಿಯಲಿ ಎಂಬುದೇ ನನ್ನ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ: ಸೇವೆ ಚೆನ್ನಾಗಿದೆ, ಕೊಟ್ಟ ಹಣಕ್ಕೆ ನ್ಯಾಯವಿದೆ. ಆದರೆ ಆ ನ್ಯಾಯ ಇರುವುದು ಅರ್ಜಿ ತುಂಬುವ ಕೆಲಸದಲ್ಲಿ ಅಲ್ಲ, ಅರ್ಜಿಗೆ ಮೊದಲು ಅವರು ಕೇಳುವ ಪ್ರಶ್ನೆಗಳಲ್ಲಿ.

ಮೊದಲ ಭೇಟಿಯಲ್ಲಿ ಅವರು ಕಂಪ್ಯೂಟರನ್ನು ಮುಟ್ಟಲೇ ಇಲ್ಲ. ನಾಟಕದ ಹಸ್ತಪ್ರತಿಯನ್ನು ಮುಂದೆ ಇಟ್ಟುಕೊಂಡು, ಪೆನ್ಸಿಲು ಹಿಡಿದು, ಒಂದೊಂದು ಪದ ಬಂದಾಗಲೂ ನಿಲ್ಲಿಸಿ, "ಮಾಸ್ತರ್ರ, ಈ ಪದಾ ಯಾರು ಕಟ್ಟಿದ್ದ್ರಿ? ಧಾಟಿ ಯಾರದ್ರಿ?" ಎಂದು ಕೇಳುತ್ತ ಹೋದರು. ನನ್ನ ನಾಟಕ ನಮ್ಮ ಉತ್ತರ ಕರ್ನಾಟಕದ ಜಾನಪದ ರಂಗಪ್ರಕಾರವಾದ ಸಣ್ಣಾಟದ ಚೌಕಟ್ಟಿನಲ್ಲಿದೆ. ಅಪರಾಳ ತಮ್ಮಣ್ಣ, ಕುಲಗೋಡ ತಮ್ಮಣ್ಣ ಇವರ ಹೆಸರಿನೊಂದಿಗೆ ನಮ್ಮವರೆಗೆ ಬಂದಿರುವ ಶ್ರೀಕೃಷ್ಣ ಪಾರಿಜಾತದ ದೂತಿ ಮತ್ತು ಭಾಗವತರ ಮಾತುಗಾರಿಕೆಯ ಜಾಡನ್ನು ಅದರಲ್ಲಿ ಉದ್ದಕ್ಕೂ ಇಟ್ಟುಕೊಂಡಿದ್ದೇನೆ, ಎರಡು ಕಡೆ ಹಳೆಯ ನುಡಿಗಳನ್ನು ಹಾಗೆಯೇ ಬಳಸಿದ್ದೇನೆ. ಉಳಿದ ಪದಗಳು ನನ್ನವು. ಅವುಗಳಲ್ಲೂ ಕೆಲವಕ್ಕೆ ಪೇಟಿ (ಹಾರ್ಮೋನಿಯಂ) ಬಾರಿಸುವ ಸ್ನೇಹಿತರು ಹೊಸ ಧಾಟಿ ಕೂಡಿಸಿದ್ದಾರೆ, ಕೆಲವು ಭಜನೆಯ ಹಳೆಯ ಧಾಟಿಯಲ್ಲಿವೆ, ಒಂದು ಮಾತ್ರ ಊರ ನಾಟಕಗಳ ರೂಢಿಯಂತೆ ಸಿನಿಮಾ ಧಾಟಿಯಲ್ಲಿದೆ. ವಕೀಲರು ಹಸ್ತಪ್ರತಿಯ ಅಂಚಿನಲ್ಲಿ ನಾಲ್ಕು ಬಗೆಯ ಗುರುತು ಹಾಕಿದರು. ಆ ಗುರುತು ಹಾಕಿದ ಪ್ರತಿಯ ಝೆರಾಕ್ಸನ್ನು ಇಂದಿಗೂ ಇಟ್ಟುಕೊಂಡಿದ್ದೇನೆ, ಏಕೆಂದರೆ ನನ್ನ ನಾಟಕದಲ್ಲಿ ನನ್ನದು ಎಷ್ಟು ಎಂಬುದನ್ನು ಅಷ್ಟು ಸ್ಪಷ್ಟವಾಗಿ ತೋರಿಸುವ ಬೇರೆ ಕಾಗದ ನನ್ನಲ್ಲಿಲ್ಲ.

ಇದು ಬರೀ ಶಿಸ್ತಿನ ಮಾತಲ್ಲ. ಕೃತಿಸ್ವಾಮ್ಯ ನಿಯಮಾವಳಿ 2013ರ ಪ್ರಕಾರ ಸಲ್ಲಿಸುವ ಅರ್ಜಿ ನಮೂನೆ 14ರ ಜೊತೆಗೆ ವಿವರಗಳ ಎರಡು ಪಟ್ಟಿಗಳಿರುತ್ತವೆ. ಸಾಹಿತ್ಯ, ನಾಟಕ, ಸಂಗೀತ ಮತ್ತು ಕಲಾಕೃತಿಗಳಿಗೆ ಸಂಬಂಧಿಸಿದ ಎರಡನೆಯ ಪಟ್ಟಿಯು ನೇರವಾಗಿ ಕೇಳುವುದೇ ಇದನ್ನು: ಕೃತಿ ಸ್ವತಂತ್ರವೋ, ಹಕ್ಕಿನ ಅವಧಿ ಮುಗಿದ ಕೃತಿಯ ಅನುವಾದ ಅಥವಾ ರೂಪಾಂತರವೋ, ಇನ್ನೂ ಹಕ್ಕು ಇರುವ ಕೃತಿಯ ಅನುವಾದ ಅಥವಾ ರೂಪಾಂತರವೋ? ಕೊನೆಯದಾದರೆ ಮೂಲ ಕೃತಿ ಯಾವುದು, ಅದರ ಕರ್ತೃ ಯಾರು, ಅನುಮತಿ ಯಾರದು ಎಂಬುದನ್ನೂ ಬರೆಯಬೇಕು. ನೋಂದಣಿ ಪುಸ್ತಕದಲ್ಲಿ ಸುಳ್ಳು ವಿವರ ಸೇರಿಸುವುದು ಕೃತಿಸ್ವಾಮ್ಯ ಕಾಯ್ದೆ 1957ರ 67ನೇ ಕಲಮಿನ ಪ್ರಕಾರ ಒಂದು ವರ್ಷದವರೆಗೆ ಜೈಲು ಶಿಕ್ಷೆಗೆ ಗುರಿಯಾಗಬಹುದಾದ ಅಪರಾಧ. ಜಾನಪದವನ್ನೂ ಹಳೆಯ ಸಣ್ಣಾಟದ ನುಡಿಗಳನ್ನೂ ತಮ್ಮ ಹೆಸರಿಗೆ ಬರೆಯಿಸಿಕೊಳ್ಳುವ ಚಟ ನಮ್ಮಲ್ಲಿ ಹೆಚ್ಚುತ್ತಿರುವ ಈ ಹೊತ್ತಿನಲ್ಲಿ, ಅಜ್ಜ-ಮುತ್ತಜ್ಜರ ಕಾಲದಿಂದ ಎಲ್ಲರ ಬಾಯಲ್ಲಿರುವ ಪದವನ್ನು ಅರ್ಜಿಗೆ ಸೇರಿಸಲು ಒಪ್ಪದ ಒಬ್ಬ ವಕೀಲರು ಸಿಕ್ಕದ್ದು ನನಗೆ ತುಂಬ ಸಮಾಧಾನ ತಂದಿತು.

ಪದ ಬೇರೆ, ಧಾಟಿ ಬೇರೆ ಎಂಬುದನ್ನು ಅವರು ಬಿಡಿಸಿ ಹೇಳಿದ ರೀತಿಯೂ ಮೆಚ್ಚುವಂಥದ್ದು. ಕಾಯ್ದೆಯ ಕಣ್ಣಿನಲ್ಲಿ ಹಾಡಿನ ಮಾತು ಸಾಹಿತ್ಯ ಕೃತಿ, ಅದರ ರಾಗಸಂಯೋಜನೆ ಸಂಗೀತ ಕೃತಿ, ಸ್ಟುಡಿಯೋದಲ್ಲಿ ಮಾಡಿದ ಧ್ವನಿಮುದ್ರಣ ಮೂರನೆಯದೇ ಒಂದು ಕೃತಿ. ಮೂರಕ್ಕೂ ಒಡೆಯರು ಬೇರೆ ಬೇರೆಯಾಗಿರಬಹುದು, ಮೂರಕ್ಕೂ ಅರ್ಜಿ ಬೇರೆ ಬೇರೆ. ಹಾಡುವವರಿಗೆ ಇವೆಲ್ಲಕ್ಕಿಂತ ಭಿನ್ನವಾದ ಪ್ರದರ್ಶಕರ ಹಕ್ಕು ಎಂಬುದು ಇದೆ. ಆದ್ದರಿಂದ ಸಿನಿಮಾ ಧಾಟಿಗೆ ನಾನು ಬರೆದ ಮಾತುಗಳು ನನ್ನವೇ ಆದರೂ ಆ ಧಾಟಿ ನನ್ನದಾಗುವುದಿಲ್ಲ, ಟಿಕೆಟ್ ಹಚ್ಚಿ ನಾಟಕ ಆಡುವಾಗ ಅದಕ್ಕೆ ಹಕ್ಕುದಾರರ ಪರವಾನಗಿ ಬೇಕಾಗುತ್ತದೆ. ಪೇಟಿ ಮಾಸ್ತರರು ಕೂಡಿಸಿದ ಹೊಸ ಧಾಟಿಗಳ ಕರ್ತೃ ಅವರೇ ಹೊರತು ನಾನಲ್ಲ. ಅವನ್ನೂ ನನ್ನ ಅರ್ಜಿಯಲ್ಲೇ ಸೇರಿಸಿಬಿಟ್ಟರೆ ಖರ್ಚು ಉಳಿಯುತ್ತಿತ್ತು, ಆದರೆ ವಕೀಲರು ಅವರಿಗೆ ಹೇಳಿ ಕಳಿಸಿ, ಸ್ವರಲಿಪಿ ಬರೆಸಿಕೊಂಡು ಬಂದರೆ ಅವರ ಹೆಸರಿನಲ್ಲೇ ಸಂಗೀತ ಕೃತಿಯಾಗಿ ಅರ್ಜಿ ಹಾಕಬಹುದು ಎಂದು ತಿಳಿಸಿದರು. ಜೀವಮಾನವಿಡೀ ಹಿಮ್ಮೇಳದಲ್ಲಿ ಕೂತ ಒಬ್ಬ ಕಲಾವಿದರಿಗೆ, ತಾವು ಕೂಡಿಸಿದ ಧಾಟಿಗೂ ಕಾಯ್ದೆಯಲ್ಲಿ ಕರ್ತೃ ಎಂಬ ಸ್ಥಾನ ಇದೆ ಎಂದು ಮೊದಲ ಬಾರಿಗೆ ಹೇಳಿದ್ದು ಈ ಕಚೇರಿ. ಅದನ್ನು ನಾನು ಹೆಚ್ಚಿನ ಮಾತೆಂದೇ ಎಣಿಸುತ್ತೇನೆ.

ಏನು ಸಿಗುವುದಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ನಾಟಕದ ಹೆಸರಿಗೆ ಕೃತಿಸ್ವಾಮ್ಯ ಇರುವುದಿಲ್ಲ, ಬರೀ ಶೀರ್ಷಿಕೆಯನ್ನು ಈ ಕಾಯ್ದೆಯಡಿ ಕಾಪಾಡಲಾಗದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಕಥೆಯ ಹೊಳಹಿಗೂ ಹಕ್ಕಿಲ್ಲ. ಆರ್. ಜಿ. ಆನಂದ್ ಪ್ರಕರಣದಲ್ಲಿ 1978ರಲ್ಲಿಯೇ ಅದೇ ನ್ಯಾಯಾಲಯ, ವಿಷಯ, ಕಲ್ಪನೆ, ಐತಿಹಾಸಿಕ ಸಂಗತಿ ಇವುಗಳಿಗೆ ರಕ್ಷಣೆಯಿಲ್ಲ, ಅವನ್ನು ಲೇಖಕ ಅಭಿವ್ಯಕ್ತಿಸಿದ ರೂಪಕ್ಕೆ ಮಾತ್ರ ರಕ್ಷಣೆ ಎಂದು ತೀರ್ಪು ಕೊಟ್ಟಿತ್ತು. ಕಿತ್ತೂರು ಚನ್ನಮ್ಮನ ಮೇಲೆ, ಸಂಗೊಳ್ಳಿ ರಾಯಣ್ಣನ ಮೇಲೆ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಜನ ನಾಟಕ ಬರೆದಿದ್ದಾರೆ, ಇನ್ನೂ ಬರೆಯುತ್ತಾರೆ, ಯಾರೂ ಯಾರನ್ನೂ ತಡೆಯಲಾಗದು, ತಡೆಯಲೂಬಾರದು. ತಡೆಯಬಹುದಾದದ್ದು ಒಬ್ಬರ ಸಂಭಾಷಣೆಯನ್ನು, ದೃಶ್ಯಗಳ ಹೆಣಿಗೆಯನ್ನು ಇನ್ನೊಬ್ಬರು ಎತ್ತಿಕೊಂಡಾಗ.

ಜಾತ್ರೆಯ ನಾಟಕಗಳ ವಿಚಾರದಲ್ಲಿ ಅವರು ಹೇಳಿದ ಮಾತನ್ನು ನಮ್ಮ ಭಾಗದ ಪ್ರತಿಯೊಬ್ಬ ನಾಟಕಕಾರನೂ ತಿಳಿದಿರಬೇಕು. ಕಾಯ್ದೆಯ 52ನೇ ಕಲಮು, ಹವ್ಯಾಸಿ ಸಂಘದವರು ಹಣ ಪಡೆಯದೆ ಪ್ರೇಕ್ಷಕರಿಗೆ ತೋರಿಸುವ ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥವಾಗಿ ಆಡುವ ಪ್ರಯೋಗವನ್ನು ಹಕ್ಕಿನ ಉಲ್ಲಂಘನೆ ಎಂದು ಪರಿಗಣಿಸುವುದಿಲ್ಲ. ಹೀಗಾಗಿ ಊರ ತರುಣ ಸಂಘದವರು ಬಸವಣ್ಣನ ಜಾತ್ರೆಯಲ್ಲಿ ಗುಡಿಯ ಮುಂದೆ ಅಟ್ಟ ಹಾಕಿ ಪುಕ್ಕಟೆ ಆಡಿದರೆ, ಪುಸ್ತಕದ ಒಳಪುಟದಲ್ಲಿ "ಪ್ರಯೋಗಕ್ಕೆ ಮೊದಲು ಲೇಖಕರ ಅನುಮತಿ ಕಡ್ಡಾಯ" ಎಂದು ಎಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದ್ದರೂ ಅದು ನಡೆಯುವುದಿಲ್ಲ. ಟಿಕೆಟ್ ಹಚ್ಚಿದರೆ, ವೃತ್ತಿ ಕಂಪನಿಯವರು ಆಡಿದರೆ, ಆಟವನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕಿ ಗಳಿಸಿದರೆ ಮಾತು ಬೇರೆ. ಒಂದೇ ಪುಸ್ತಕ ಕೊಂಡು ಅದರ ಇಪ್ಪತ್ತು ಝೆರಾಕ್ಸ್ ಮಾಡಿ ಪಾತ್ರಧಾರಿಗಳಿಗೆ ಹಂಚುವುದಕ್ಕೂ ಈ ವಿನಾಯಿತಿ ಇಲ್ಲ, ಅದು ಪ್ರತಿ ಮಾಡುವ ಹಕ್ಕಿಗೆ ಸಂಬಂಧಿಸಿದ್ದು. ಈ ವಿನಾಯಿತಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಜಾತ್ರೆಯ ಅಟ್ಟವೇ ಇಲ್ಲದಿದ್ದರೆ ನಮ್ಮ ಕಡೆ ನಾಟಕ ಬರೆಯುವ ಕೈಗಳೇ ಇರುತ್ತಿರಲಿಲ್ಲ.

ಮುಖಪುಟದ ಚಿತ್ರದ ವಿಷಯಕ್ಕೆ ಬರುತ್ತೇನೆ. ಅದನ್ನು ಬರೆದವರು ಸೈನ್ ಬೋರ್ಡ್ ಮತ್ತು ನಾಟಕದ ಪರದೆ ಬರೆಯುವ ಹಿರಿಯ ಕಲಾವಿದರು, ಹಣ ಕೊಟ್ಟು ಬರೆಸಿದ್ದು ನಾನು. 17ನೇ ಕಲಮಿನ ಪ್ರಕಾರ, ಯಾರಾದರೂ ಹಣ ಕೊಟ್ಟು ಹೇಳಿ ಬರೆಸಿದ ವರ್ಣಚಿತ್ರ ಅಥವಾ ತೆಗೆಸಿದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರೇ ಮೊದಲ ಹಕ್ಕುದಾರರು. ಆದರೆ ಕರ್ತೃವಿನ ಸ್ಥಾನ ಕಲಾವಿದರಿಂದ ಕದಲುವುದಿಲ್ಲ. ಅರ್ಜಿದಾರರೇ ಬೇರೆ, ಕರ್ತೃವೇ ಬೇರೆ ಇದ್ದಾಗ ಕರ್ತೃವಿನ ನಿರಾಕ್ಷೇಪಣಾ ಪತ್ರವನ್ನು ಅರ್ಜಿಯೊಂದಿಗೆ ಲಗತ್ತಿಸಬೇಕು. ಪ್ರಕಟವಾದ ಕೃತಿಗೆ ಪ್ರಕಾಶಕರು ಬೇರೆ ಇದ್ದರೆ ಅವರ ಪತ್ರವೂ ಬೇಕು. ಚಿತ್ರದಲ್ಲಿ ಜೀವಂತ ವ್ಯಕ್ತಿಯೊಬ್ಬರ ಮುಖ ಇದ್ದರೆ ಅವರ ಒಪ್ಪಿಗೆಯನ್ನೂ ಕೇಳುತ್ತಾರೆ. ಇಷ್ಟೂ ಪತ್ರಗಳ ಮಾದರಿಗಳನ್ನು ಕಚೇರಿಯವರು ಸಿದ್ಧವಾಗಿ ಇಟ್ಟಿದ್ದಾರೆ.

ಇಲ್ಲಿಯೇ ನನ್ನ ದೊಡ್ಡ ಆಕ್ಷೇಪಣೆಯೂ ಇದೆ. ಆ ಮಾದರಿಗಳೆಲ್ಲ ಇಂಗ್ಲಿಷಿನಲ್ಲಿವೆ. ಅರ್ಜಿಯನ್ನು ಇಂಗ್ಲಿಷಿನಲ್ಲಿ ತುಂಬುವುದು ಅನಿವಾರ್ಯವಿರಬಹುದು. ಆದರೆ ಕನ್ನಡ ಮತ್ತು ಮರಾಠಿ ಮಾತ್ರ ಓದಬಲ್ಲ ಒಬ್ಬ ಹಿರಿಯ ಕಲಾವಿದರಿಂದ, ಅವರ ಕೃತಿಯ ಹಕ್ಕಿಗೆ ಸಂಬಂಧಿಸಿದ ಕಾಗದಕ್ಕೆ, ಅವರಿಗೆ ಓದಲು ಬಾರದ ಭಾಷೆಯಲ್ಲಿ ಸಹಿ ಹಾಕಿಸುವುದು ಸರಿಯಲ್ಲ. ಟೈಪಿಸ್ಟ್ ಹುಡುಗ ಸಾಲು ಸಾಲಾಗಿ ಓದಿ ಹೇಳಿದ, ವಕೀಲರೂ ತಾಳ್ಮೆಯಿಂದ ಅರ್ಥ ವಿವರಿಸಿದರು, ಅದರಲ್ಲಿ ಕೊರತೆ ಇರಲಿಲ್ಲ. ಬಾಯಿಮಾತಿನ ವಿವರಣೆ ಮನೆಗೆ ಹೋದ ಮೇಲೆ ಉಳಿಯುವುದಿಲ್ಲ, ಕೈಯಲ್ಲಿರುವ ಕಾಗದ ಉಳಿಯುತ್ತದೆ. ಒಂದು ಪುಟದ ಕನ್ನಡ ಪ್ರತಿಯನ್ನು ಜೊತೆಗಿಟ್ಟು ಅದಕ್ಕೂ ಸಹಿ ತೆಗೆದುಕೊಳ್ಳುವುದು ಕಷ್ಟದ ಕೆಲಸವೇನಲ್ಲ. ನಾನು ಹಟ ಹಿಡಿದ ಮೇಲೆ ನಮ್ಮ ಕಲಾವಿದರ ಮಟ್ಟಿಗೆ ಹಾಗೆ ಮಾಡಿಕೊಟ್ಟರು. ಕೇಳದವರಿಗೂ ಅದು ಸಿಗಬೇಕು.

ನನ್ನ ಸರದಿಗೆ ಕಾಯುತ್ತಿದ್ದಾಗ ಬನಹಟ್ಟಿಯಿಂದ ಬಂದ ಒಬ್ಬ ಮಗ್ಗದ ಮಾಲೀಕರು ಸೀರೆಯ ಸೆರಗಿನ ಹೊಸ ನಮೂನೆಯನ್ನು ಕೃತಿಸ್ವಾಮ್ಯಕ್ಕೆ ಹಾಕಬೇಕೆಂದು ಕೂತಿದ್ದರು. ವಕೀಲರು ಅವರ ಹಣ ತೆಗೆದುಕೊಳ್ಳಲಿಲ್ಲ. ವಿನ್ಯಾಸ ಕಾಯ್ದೆಯಡಿ ನೋಂದಾಯಿಸಬಹುದಾದ ನಮೂನೆಯನ್ನು ಅಲ್ಲಿ ನೋಂದಾಯಿಸದೆ, ಕೈಗಾರಿಕಾ ಪ್ರಕ್ರಿಯೆಯಿಂದ 50ಕ್ಕಿಂತ ಹೆಚ್ಚು ಪ್ರತಿ ತಯಾರಿಸಿದರೆ, ಕೃತಿಸ್ವಾಮ್ಯ ಕಾಯ್ದೆಯ 15ನೇ ಕಲಮಿನಂತೆ ಆ ನಮೂನೆಯ ಮೇಲಿನ ಕೃತಿಸ್ವಾಮ್ಯ ಅಲ್ಲಿಗೆ ಮುಗಿಯುತ್ತದೆ. ಪವರ್‌ಲೂಮ್ ಮೇಲೆ 50 ಸೀರೆ ಎಂದರೆ ಎಷ್ಟು ಹೊತ್ತಿನ ಮಾತು? ಇಳಕಲ್ ಸೀರೆಗಿರುವ ಭೌಗೋಳಿಕ ಸೂಚಿಕೆಯೂ (ಜಿಐ ಟ್ಯಾಗ್) ಬೇರೆಯದೇ ವ್ಯವಸ್ಥೆ, ಅದು ಒಬ್ಬ ವ್ಯಾಪಾರಿಯ ಸ್ವತ್ತಲ್ಲ. ಅವರನ್ನು ವಿನ್ಯಾಸ ನೋಂದಣಿಯ ದಾರಿಗೆ ಹಚ್ಚಿ ಕಳಿಸಿದ್ದನ್ನು ಕಣ್ಣಾರೆ ಕಂಡ ಮೇಲೆ ಈ ಕಚೇರಿಯ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂಶಯ ಉಳಿಯಲಿಲ್ಲ.

ಇನ್ನು ಹಾಡಿನ ಒಪ್ಪಂದ. ನನ್ನ ಒಂದು ಪದವನ್ನು ಧ್ವನಿಮುದ್ರಿಸಿ ಯೂಟ್ಯೂಬಿಗೆ ಹಾಕಬೇಕೆಂದು ಒಂದು ಸ್ಟುಡಿಯೋದವರು ಕೇಳುತ್ತಿದ್ದರು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರೂ ಜಿಲ್ಲೆಗಳಲ್ಲಿ ಜಾನಪದ ಧಾಟಿಯ ಹೊಸ ಹಾಡುಗಳ ವ್ಯವಹಾರ ಇಂದು ಎಷ್ಟು ಬೆಳೆದಿದೆ ಎಂಬುದನ್ನು ಟ್ರ್ಯಾಕ್ಟರಿನಲ್ಲಿ, ಗಣಪತಿ ಮೆರವಣಿಗೆಯಲ್ಲಿ, ಮದುವೆಯ ಡಿಜೆಯಲ್ಲಿ ದಿನವೂ ಕೇಳುತ್ತೇವೆ. ಆದರೆ ಆ ಹಾಡು ಬರೆದ ಹುಡುಗನ ಕೈಗೆ ಒಂದಿಷ್ಟು ರೊಕ್ಕ ಇಟ್ಟು ಕಳಿಸಿದರೆ ವ್ಯವಹಾರ ಮುಗಿಯಿತು ಎಂಬುದೇ ರೂಢಿ. ಕಾಗದವಿಲ್ಲ, ಸಹಿಯಿಲ್ಲ, ಹಾಡು ನಡೆದ ಮೇಲೆ ಬರೆದವನ ಹೆಸರೂ ಇಲ್ಲ. ನಮ್ಮ ಗೀಗೀ ಮೇಳದವರೂ ಲಾವಣಿಕಾರರೂ ಪದದ ಕೊನೆಯ ನುಡಿಯಲ್ಲಿ ಊರು, ಗುರು, ಕವಿಯ ಹೆಸರನ್ನು ಅಂಕಿತವಾಗಿ ಕೂಡಿಸಿ ಹಾಡುತ್ತಿದ್ದ ನಾಡಿನಲ್ಲಿ ಈ ಸ್ಥಿತಿ ಬಂದಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ವಕೀಲರು ಇಲ್ಲಿ ಮಾಡಿದ ಕೆಲಸ ಅವರ ಸೇವೆಯಲ್ಲೇ ಅತ್ಯಂತ ಬೆಲೆಯುಳ್ಳದ್ದು. ಚಿತ್ರಕ್ಕೆ ಅನ್ವಯಿಸುವ ನಿಯಮ ಹಾಡಿನ ಮಾತಿಗೆ ಹಾಗೆಯೇ ಅನ್ವಯಿಸುವುದಿಲ್ಲ, ಹಣ ಪಡೆದು ಬರೆದುಕೊಟ್ಟ ಮಾತ್ರಕ್ಕೆ ಸಾಹಿತ್ಯದ ಹಕ್ಕು ಬರೆಸಿದವರಿಗೆ ತಾನಾಗಿ ಹೋಗುವುದಿಲ್ಲ ಎಂಬುದನ್ನು ಮೊದಲು ಹೇಳಿದರು. 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ, ವರ್ಗಾಯಿಸುವವರ ಸಹಿಯೊಂದಿಗೆ ಇರಲೇಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಅವಧಿ, ಯಾವ ಪ್ರದೇಶ, ಎಷ್ಟು ಗೌರವಧನ ಎಂಬುದು ಅದರಲ್ಲಿ ಬರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದು, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾಯ್ದೆಯೇ ತಿಳಿಯುತ್ತದೆ. ಪಡೆದವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ವರ್ಗಾವಣೆ ಬಿದ್ದುಹೋಗುತ್ತದೆ. 2012ರ ತಿದ್ದುಪಡಿಯ ನಂತರ, ಧ್ವನಿಮುದ್ರಣದಲ್ಲಿ ಸೇರಿದ ಸಾಹಿತ್ಯ ಮತ್ತು ಸಂಗೀತದ ಕರ್ತೃಗಳು ರಾಯಧನದಲ್ಲಿ (ರಾಯಲ್ಟಿಯಲ್ಲಿ) ತಮಗೆ ಬರಬೇಕಾದ ಸಮಪಾಲನ್ನು ಬಿಟ್ಟುಕೊಡುವಂತೆಯೇ ಇಲ್ಲ. ಅದನ್ನು ವಾರಸುದಾರರಿಗೆ ಅಥವಾ ರಾಯಧನ ಸಂಗ್ರಹಿಸುವ ಸಂಸ್ಥೆಗೆ ಮಾತ್ರ ವಹಿಸಿಕೊಡಬಹುದು. "ಎಲ್ಲ ಹಕ್ಕುಗಳನ್ನೂ ಶಾಶ್ವತವಾಗಿ ಬಿಟ್ಟುಕೊಟ್ಟಿದ್ದೇನೆ" ಎಂದು ಸ್ಟುಡಿಯೋದವರು ತಂದಿದ್ದ ಕರಡನ್ನು ಬದಿಗಿಟ್ಟು, ಅವಧಿ ಮತ್ತು ಮಾಧ್ಯಮಗಳನ್ನು ಹೆಸರಿಸಿ, ವಿಡಿಯೋದ ವಿವರಣೆಯಲ್ಲೂ ಪರದೆಯ ಮೇಲೂ ಕವಿಯ ಹೆಸರು ಇರಬೇಕೆಂದು ಸೇರಿಸಿ, ಎರಡೂ ಕಡೆಯವರನ್ನು ಕೂಡಿಸಿಕೊಂಡು ಹೊಸ ಕರಡು ಮಾಡಿದರು. ಹೆಸರಿನ ಹಕ್ಕು 57ನೇ ಕಲಮಿನದು, ಕೃತಿಸ್ವಾಮ್ಯವನ್ನು ಬೇರೆಯವರಿಗೆ ಕೊಟ್ಟ ಮೇಲೂ ಅದು ಲೇಖಕನಲ್ಲಿಯೇ ಉಳಿಯುತ್ತದೆ. ಸ್ಟುಡಿಯೋದವರು ಜಗಳವಾಡದೆ ಸಹಿ ಹಾಕಿದರು. ಧ್ವನಿಮುದ್ರಣದ ನೋಂದಣಿ ಬೇಕಿದ್ದರೆ ಅದು ಅವರ ಹೆಸರಿನಲ್ಲಿ ಬೇರೆ ಅರ್ಜಿ ಎಂದೂ ಅವರಿಗೆ ತಿಳಿಸಲಾಯಿತು.

ಶಾಲೆಯಲ್ಲಿ ಕನ್ನಡ ಕಲಿಸುವವನಾದ ನನಗೆ ಇನ್ನೊಂದು ಪ್ರಶ್ನೆಯಿತ್ತು, ನೌಕರಿಯಲ್ಲಿದ್ದು ಬರೆದದ್ದರ ಹಕ್ಕು ಯಾರದು ಎಂಬುದು. ನೌಕರಿಯ ಕೆಲಸದ ಭಾಗವಾಗಿ ಬರೆದದ್ದು ಮಾತ್ರ ಉದ್ಯೋಗದಾತರಿಗೆ ಸೇರುತ್ತದೆ, ಮನೆಯಲ್ಲಿ ಕೂತು ಬರೆದ ನಾಟಕ ಅದರಲ್ಲಿ ಬರುವುದಿಲ್ಲ ಎಂಬ ಉತ್ತರ ಕೂಡಲೇ ಸಿಕ್ಕಿತು.

ಅರ್ಜಿ ಸಲ್ಲಿಸುವ ಕ್ರಮದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕೃತಿಸ್ವಾಮ್ಯ ಕಚೇರಿ ಇರುವುದು ದೆಹಲಿಯ ದ್ವಾರಕಾದಲ್ಲಿ, ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ ಅಡಿಯಲ್ಲಿ. ಅರ್ಜಿಯನ್ನು ಅದರ ಜಾಲತಾಣದಲ್ಲಿ ತುಂಬಿ, ಕೃತಿಯ ಸ್ಕ್ಯಾನ್ ಪ್ರತಿ, ಸಹಿ, ನಿರಾಕ್ಷೇಪಣಾ ಪತ್ರಗಳು ಮತ್ತು ವಕೀಲರಿಗೆ ಕೊಟ್ಟ ಅಧಿಕಾರ ಪತ್ರವನ್ನು ಸೇರಿಸಿ, ಶುಲ್ಕವನ್ನೂ ಅಲ್ಲಿಯೇ ಕಟ್ಟಬಹುದು. ಸಾಹಿತ್ಯ, ನಾಟಕ, ಸಂಗೀತ, ಕಲಾಕೃತಿ ಒಂದೊಂದಕ್ಕೂ 500 ರೂಪಾಯಿ. ಸರಕು ಅಥವಾ ಸೇವೆಗೆ ಬಳಸುವ ಕಲಾಕೃತಿಗೆ, ಅಂದರೆ ಊದುಬತ್ತಿ ಪೊಟ್ಟಣದ ಚಿತ್ರದಂಥದಕ್ಕೆ, 2,000 ರೂಪಾಯಿ, ಜೊತೆಗೆ ಅಂಥದೇ ಗುರುತು ಬೇರೆಯವರ ಹೆಸರಿನಲ್ಲಿಲ್ಲ ಎಂಬ ಟ್ರೇಡ್‌ಮಾರ್ಕ್ ರಿಜಿಸ್ಟ್ರಾರರ ಪ್ರಮಾಣಪತ್ರ. ಧ್ವನಿಮುದ್ರಣಕ್ಕೆ 2,000, ಚಲನಚಿತ್ರಕ್ಕೆ 5,000. ಪದಗಳ ಸಂಕಲನವನ್ನು ಇಡಿಯಾಗಿ ಒಂದೇ ಸಾಹಿತ್ಯ ಕೃತಿಯಾಗಿ ಸಲ್ಲಿಸಿದ್ದರಿಂದ ಒಂದೊಂದು ಪದಕ್ಕೂ ಶುಲ್ಕ ಕಟ್ಟುವ ಪ್ರಸಂಗ ಬರಲಿಲ್ಲ, ಈ ಸಲಹೆಯೂ ವಕೀಲರದೇ.

ಅರ್ಜಿ ಸೇರಿದ ಕೂಡಲೇ ಡೈರಿ ನಂಬರ್ ಬರುತ್ತದೆ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ "ಒಂದೇ ದಿನದಲ್ಲಿ ಕಾಪಿರೈಟ್" ಎಂದು ಮೊಬೈಲಿಗೆ ಬರುವ ಜಾಹೀರಾತುಗಳು ಮಾರುವುದು ಬಹುಪಾಲು ಈ ನಂಬರನ್ನೇ. ಡೈರಿ ನಂಬರ್ ಎಂದರೆ ಅರ್ಜಿ ತಲುಪಿದೆ ಎಂಬ ಗುರುತು, ಅಷ್ಟೇ. ಅದರ ನಂತರ ಆಕ್ಷೇಪಣೆಗಳಿಗಾಗಿ 30 ದಿನ ಕಾಯಲೇಬೇಕು. ಆ ಮೇಲೆ ಪರಿಶೀಲನೆ, ಕೊರತೆ ಕಂಡರೆ ಪತ್ರ, ಅದಕ್ಕೆ ಉತ್ತರ, ಅಗತ್ಯವಿದ್ದರೆ ವಿಚಾರಣೆ, ಕೊನೆಗೆ ನೋಂದಣಿ ಪುಸ್ತಕದ ಉದ್ಧೃತ ಪ್ರತಿ. ಒಂದು ದಿನದಲ್ಲಿ ಪ್ರಮಾಣಪತ್ರ ಕೊಡಿಸುತ್ತೇವೆ ಎನ್ನುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ನಮ್ಮ ವಕೀಲರು ಡೈರಿ ನಂಬರ್ ಇರುವ ರಸೀದಿಯ ಮೇಲೆಯೇ "ಇದು ನೋಂದಣಿ ಅಲ್ಲ" ಎಂದು ಕನ್ನಡದಲ್ಲಿ ಬರೆದು ಕೊಟ್ಟರು. ಆ ನಂಬರಿನಿಂದ ಅರ್ಜಿಯ ಸ್ಥಿತಿಯನ್ನು ನಾವೇ ಜಾಲತಾಣದಲ್ಲಿ ನೋಡಬಹುದು, ಅದನ್ನೂ ತೋರಿಸಿಕೊಟ್ಟರು.

ಸಂಕಲನದ ಅರ್ಜಿಗೆ ಕೊರತೆಯ ಪತ್ರ ಬಂದಿತು, ತಪ್ಪು ನಮ್ಮ ವಕೀಲರ ಕಚೇರಿಯದು. ಪುಸ್ತಕದ ಕನ್ನಡ ಹೆಸರನ್ನು ಅರ್ಜಿಯಲ್ಲಿ ಒಂದು ಇಂಗ್ಲಿಷ್ ಕಾಗುಣಿತದಲ್ಲಿ, ಪ್ರಕಾಶಕರ ನಿರಾಕ್ಷೇಪಣಾ ಪತ್ರದಲ್ಲಿ ಇನ್ನೊಂದರಲ್ಲಿ ಟೈಪ್ ಮಾಡಿದ್ದರಿಂದ ಎರಡೂ ಒಂದೇ ಕೃತಿಗೆ ಸೇರಿದ್ದು ಎಂಬುದು ಪರಿಶೀಲಿಸುವವರಿಗೆ ಖಾತ್ರಿಯಾಗಿರಲಿಲ್ಲ. ವಕೀಲರು ತಪ್ಪನ್ನು ಒಪ್ಪಿಕೊಂಡು, ಹೊಸ ಪತ್ರ ಮಾಡಿಸಿ, ಗಡುವಿನೊಳಗೆ ಉತ್ತರ ಸಲ್ಲಿಸಿದರು, ಹೆಚ್ಚಿನ ಹಣ ಕೇಳಲಿಲ್ಲ. ಆದರೂ ಕನ್ನಡ ಕೃತಿಗಳ ಕೆಲಸವನ್ನೇ ಹೆಚ್ಚಾಗಿ ಮಾಡುವ ಕಚೇರಿಯಲ್ಲಿ ಈ ಎಚ್ಚರಿಕೆ ಮೊದಲೇ ಇರಬೇಕಾಗಿತ್ತು. ಯಾರೇ ಅರ್ಜಿ ಹಾಕಿದರೂ ಹೆಸರಿನ ಕಾಗುಣಿತವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು, ಎಲ್ಲ ಕಾಗದಗಳಲ್ಲೂ ಅದೇ ಬರುವಂತೆ ನೋಡಿಕೊಳ್ಳಿ.

ಹಣದ ಲೆಕ್ಕ ಹೀಗಿದೆ. ಸರ್ಕಾರಿ ಶುಲ್ಕದ ಹೊರತಾಗಿ ಕೃತಿಯೊಂದಕ್ಕೆ 2,000 ರೂಪಾಯಿ ತೆಗೆದುಕೊಂಡರು, ಒಪ್ಪಂದದ ಕರಡಿಗೆ ಬೇರೆ. ದರ ಹೆಚ್ಚೆನಿಸಲಿಲ್ಲ, ಬೇರೆ ಊರುಗಳ ಏಜೆಂಟರು ಫೋನಿನಲ್ಲಿ ಹೇಳಿದ ದರಕ್ಕಿಂತ ಕಡಿಮೆಯೇ ಇತ್ತು. ಆದರೆ ಕೊಟ್ಟ ರಸೀದಿಯಲ್ಲಿ ಸರ್ಕಾರಿ ಶುಲ್ಕ ಎಷ್ಟು, ಅವರ ಫೀ ಎಷ್ಟು ಎಂಬುದನ್ನು ಬಿಡಿಸದೆ ಒಟ್ಟು ಮೊತ್ತವನ್ನಷ್ಟೇ ಬರೆದಿದ್ದರು. ಕೇಳಿದ ಮೇಲೆ ತಿದ್ದಿಕೊಟ್ಟರು. ಮಧ್ಯಾಹ್ನದ ಹೊತ್ತು ವಕೀಲರು ಕೋರ್ಟಿನಲ್ಲಿರುವುದರಿಂದ ಫೋನು ಎತ್ತುವುದಿಲ್ಲ, ಟೈಪಿಸ್ಟಿಗೆ ಅರ್ಜಿಯ ಸ್ಥಿತಿ ಹೇಳಲು ಬರುತ್ತದೆಯೇ ಹೊರತು ಕಾನೂನಿನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ದೂರದ ಮುದ್ದೇಬಿಹಾಳದಿಂದಲೋ ಹುನಗುಂದದಿಂದಲೋ ಬರುವವರು ಸಂಜೆಯ ವೇಳೆಯನ್ನು ಮೊದಲೇ ಗೊತ್ತುಮಾಡಿಕೊಂಡು ಬರುವುದು ಒಳ್ಳೆಯದು.

ವಕೀಲರಿಲ್ಲದೆಯೂ ಇದನ್ನು ಮಾಡಬಹುದೇ ಎಂದು ಕೇಳುವವರಿಗೆ, ಮಾಡಬಹುದು ಎಂಬುದೇ ನನ್ನ ಉತ್ತರ. ಇಂಗ್ಲಿಷ್ ಅರ್ಜಿ ತುಂಬಬಲ್ಲವರು, ಕೃತಿಯನ್ನು ಪೂರ್ತಿ ತಾವೇ ಬರೆದವರು, ಬೇರೆ ಯಾರ ಪಾಲೂ ಅದರಲ್ಲಿಲ್ಲ ಎಂಬುದು ಖಚಿತವಿರುವವರು 500 ರೂಪಾಯಿಯಲ್ಲೇ ಕೆಲಸ ಮುಗಿಸಬಹುದು. ನೋಂದಣಿಯೇ ಬೇಕೆಂದೂ ಇಲ್ಲ: ಕೃತಿಸ್ವಾಮ್ಯ ಹುಟ್ಟುವುದು ಕೃತಿ ರಚನೆಯಾದಾಗಲೇ, ಲೇಖಕರ ಜೀವಿತಾವಧಿಯ ಉದ್ದಕ್ಕೂ, ಅವರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷದವರೆಗೂ ಅದು ನೋಂದಣಿಯಿಲ್ಲದೆಯೂ ಇರುತ್ತದೆ. ನೋಂದಣಿಯಿಂದ ಸಿಗುವುದು ಸಾಕ್ಷ್ಯ. 48ನೇ ಕಲಮಿನಂತೆ ನೋಂದಣಿ ಪುಸ್ತಕದಲ್ಲಿರುವ ವಿವರಗಳು ಮೇಲ್ನೋಟಕ್ಕೆ ಸಾಬೀತಾದವು ಎಂದು ನ್ಯಾಯಾಲಯ ತೆಗೆದುಕೊಳ್ಳುತ್ತದೆ, ಅವು ತಪ್ಪು ಎಂದು ತೋರಿಸುವ ಹೊಣೆ ಎದುರಾಳಿಯದಾಗುತ್ತದೆ. ತಮಗೆ ತಾವೇ ರಿಜಿಸ್ಟರ್ ಅಂಚೆ ಕಳಿಸಿ ಲಕೋಟೆ ಒಡೆಯದೆ ಇಟ್ಟುಕೊಳ್ಳುವ ಹಳೆಯ ರೂಢಿಗೆ ಈ ಕಾಯ್ದೆಯಲ್ಲಿ ಅಂಥ ಮಾನ್ಯತೆ ಇಲ್ಲ. ಪುಸ್ತಕದ ಐಎಸ್‌ಬಿಎನ್ ಸಂಖ್ಯೆಯನ್ನೇ ಕಾಪಿರೈಟ್ ಎಂದುಕೊಂಡಿರುವ ಪ್ರಕಾಶಕರೂ ನಮ್ಮಲ್ಲಿದ್ದಾರೆ. ಅದು ಪುಸ್ತಕವನ್ನು ಗುರುತಿಸುವ ಸಂಖ್ಯೆಯೇ ಹೊರತು ಹಕ್ಕಿನ ದಾಖಲೆಯಲ್ಲ.

ಪದ ಕದ್ದು ಯಾರಾದರೂ ಜಾಲತಾಣಕ್ಕೆ ಹಾಕಿದರೆ ಏನು ಮಾಡಬೇಕೆಂಬುದನ್ನೂ ಕಚೇರಿಯವರು ಬರೆದುಕೊಡುತ್ತಾರೆ. ಹಕ್ಕುದಾರರು ಲಿಖಿತ ದೂರು ಕೊಟ್ಟರೆ, ದೂರು ಸರಿಯಾಗಿದೆ ಎಂದು ಮನವರಿಕೆಯಾದಾಗ ಜಾಲತಾಣದವರು 36 ಗಂಟೆಯೊಳಗೆ ಅದನ್ನು ತಡೆಯಬೇಕು. 21 ದಿನದೊಳಗೆ ನ್ಯಾಯಾಲಯದ ಆದೇಶ ತಂದುಕೊಡದಿದ್ದರೆ ಅವರು ಅದನ್ನು ಮತ್ತೆ ತೆರೆಯಬಹುದು, ಹಾಗಾಗಿ ದೂರು ಕೊಟ್ಟು ಸುಮ್ಮನೆ ಕೂರುವಂತಿಲ್ಲ. ದಾವೆ ಹೂಡಲು ಎದುರಾಳಿ ಇರುವ ಬೆಂಗಳೂರಿಗೋ ಮುಂಬಯಿಗೋ ಓಡಬೇಕಿಲ್ಲ. ಲೇಖಕರು ತಾವು ವಾಸಿಸುವ ಊರಿನ ವ್ಯಾಪ್ತಿಯ ಜಿಲ್ಲಾ ನ್ಯಾಯಾಲಯದಲ್ಲಿಯೇ ದಾವೆ ಹೂಡಲು 62ನೇ ಕಲಮು ಅವಕಾಶ ಕೊಟ್ಟಿದೆ.

ಹೋಗುವವರು ಕೃತಿಯ ಪೂರ್ತಿ ಪ್ರತಿ, ಗುರುತಿನ ಚೀಟಿ, ಅಚ್ಚಾಗಿದ್ದರೆ ಮೊದಲ ಮುದ್ರಣದ ವರ್ಷ ಮತ್ತು ಪ್ರಕಾಶಕರ ವಿಳಾಸ, ಕೆಲಸದಲ್ಲಿ ಕೈ ಸೇರಿಸಿದ ಎಲ್ಲರ ಹೆಸರುಗಳನ್ನು ಬರೆದುಕೊಂಡು ಹೋಗಿ. ಸಾಧ್ಯವಾದರೆ ಧಾಟಿ ಕೂಡಿಸಿದವರನ್ನೂ ಚಿತ್ರ ಬರೆದವರನ್ನೂ ಜೊತೆಗೇ ಕರೆದುಕೊಂಡು ಹೋಗಿ, ನಿರಾಕ್ಷೇಪಣಾ ಪತ್ರಕ್ಕೆ ಕನ್ನಡ ಪ್ರತಿಯನ್ನು ಕೇಳಿ ಪಡೆಯಿರಿ.